ಬಂದೂಕಿನ ಮುಂದಿನ ಹಿಡಿ

ಆತನ ಎಡ ಅಂಗೈ ಮೇಲಕ್ಕೆ ತಿರುಗುತ್ತಿರಲಿಲ್ಲ. ನೋಡಿದವರಿಗೆ ಅದೊಂದು ದೊಡ್ಡ ಊನ ಅನಿಸುವಂತಿರಲಿಲ್ಲ. ಕೈ ಇತ್ತು, ಐದು ಬೆರಳೂ ಇದ್ದವು, ಮೊಣಕೈ ಮಡಚುತ್ತಿತ್ತು. ಅರಬ್ ನಾಡಿನ ಜಿಜಾನಿನ ಆಸ್ಪತ್ರೆಯ ನಮ್ಮ ಫಿಸಿಯೋಥೆರಪಿ ವಿಭಾಗಕ್ಕೆ ಯುದ್ಧ ನಡೆಯುತ್ತಿದ್ದ ಗಡಿಯ ಕಡೆಯಿಂದ ಬರುತ್ತಿದ್ದವರಲ್ಲಿ ಕಾಲು ಕಳೆದುಕೊಂಡವರಿದ್ದರು, ಕಣ್ಣು ಹೋದವರಿದ್ದರು. ಅವರ ಮಧ್ಯೆ ಈತ ಬೆಂಚಿನ ತುದಿಯಲ್ಲಿ ತನ್ನ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರೆ ಯಾರನ್ನೋ ಕರೆದುಕೊಂಡು ಹೋಗಲು ಬಂದವನಂತೆ ಕಾಣುತ್ತಿದ್ದ.

ಮುಂಗೈಯಲ್ಲಿ ಎರಡು ಎಲುಬುಗಳಿವೆ. ನಾವು ಅಂಗೈಯನ್ನು ಮೇಲೆ ಕೆಳಗೆ ಮಾಡುವಾಗ ಒಂದು ಎಲುಬು ಇನ್ನೊಂದರ ಸುತ್ತ ಹೊರಳುತ್ತದೆ. ಈತನಿಗೆ ಎರಡೂ ಮುರಿದಿದ್ದವು. ಪ್ಲೇಟು ಹಾಕಿ ಕೂಡಿಸಿದ್ದರು. ಕೂಡುವಾಗ ಎರಡರ ನಡುವಿನ ಜಾಗದಲ್ಲೂ ಎಲುಬು ಬೆಳೆದು ಒಂದಕ್ಕೊಂದು ಅಂಟಿಕೊಂಡಿತು. ಸರ್ಜನ್ ಮತ್ತೆ ಕೊಯ್ದು ಅದನ್ನು ತೆಗೆದರು. ಅದು ಮತ್ತೆ ಬೆಳೆಯಿತು. ಇನ್ನು ಕೊಯ್ಯುವುದರಲ್ಲಿ ಅರ್ಥವಿಲ್ಲ ಎಂದು ನನ್ನ ಹತ್ತಿರ ಕಳುಹಿಸಿದರು. ಲೋಟ ಹಿಡಿದವನ ಕೈ ಹೇಗಿರುತ್ತದೋ ಹಾಗೆ, ಹೆಬ್ಬೆರಳು ಮೇಲಾಗಿ ಆ ಕೈ ನಿಂತುಬಿಟ್ಟಿತ್ತು. ಅದರ ಜೊತೆಗೆ ಕಿರುಬೆರಳು, ಉಂಗುರ ಬೆರಳುಗಳಲ್ಲಿ ಸ್ಪರ್ಶವೂ ಸರಿಯಾಗಿ ಇರಲಿಲ್ಲ.

ನಾನು ಕಾರ್ಕಳದ ಕಡೆಯವನು. ಮಂಗಳೂರಿನಲ್ಲಿ ಓದಿ, ಅಲ್ಲೇ ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ಇಲ್ಲಿಗೆ ಬಂದವನು. ಅರಬ್ಬಿ ಭಾಷೆಯನ್ನು ಕಲಿತದ್ದು ರೋಗಿಗಳಿಂದಲೇ. ಹಾಗಾಗಿ ನನಗೆ ನೋವು, ಊತ, ಎತ್ತು, ಇಳಿಸು, ತಾಳ್ಮೆ ಇಂಥ ಶಬ್ದಗಳು ಚೆನ್ನಾಗಿ ಗೊತ್ತು. ಬಾಕಿ ಮಾತಿಗೆ ತಡವರಿಸುತ್ತೇನೆ. ಇಲ್ಲಿಯವರು ನಮ್ಮಂಥವರನ್ನೂ ‘ದಕ್ತೂರ್’ ಎಂದೇ ಕರೆಯುತ್ತಾರೆ.

ಆತ ಸೈನಿಕ, ಹೊಸಬರಿಗೆ ಗುಂಡು ಹೊಡೆಯಲು ಕಲಿಸುತ್ತಿದ್ದವನು. ಮೊದಲ ದಿನವೇ ಕೇಳಿದ, “ದಕ್ತೂರ್, ನಾನು ಬಂದೂಕು ಹಿಡಿಯಬಹುದಾ?”

ನಾನು ಕೈ ಅಳತೆ ಮಾಡುತ್ತಿದ್ದೆ. “ಚಮಚ, ಬಾಗಿಲ ಚಿಲಕ, ಕಾರಿನ ಸ್ಟೀರಿಂಗ್ ಇವೆಲ್ಲ ಮೊದಲು ನೋಡುವ” ಎಂದೆ.

“ಅದನ್ನೆಲ್ಲ ಬಲಗೈಯಲ್ಲಿ ಮಾಡುತ್ತೇನೆ. ಬಂದೂಕಿಗೆ ಎರಡು ಕೈ ಬೇಕು.”

ನಾನು ಸುಳ್ಳು ಹೇಳಲಿಲ್ಲ. ಅಂಗೈ ತಿರುಗುವುದು ಇನ್ನು ಸಾಧ್ಯವಿಲ್ಲ, ಇರುವ ಶಕ್ತಿಯನ್ನು ಹೆಚ್ಚಿಸಬಹುದು ಅಷ್ಟೆ ಎಂದೆ. ಆತ ತಲೆಯಾಡಿಸಿದ. ಹೇಳಿದ ವ್ಯಾಯಾಮವನ್ನೆಲ್ಲ ತಪ್ಪದೆ ಮಾಡಿದ. ನನ್ನ ರೋಗಿಗಳಲ್ಲಿ ಅಷ್ಟು ನಿಷ್ಠೆಯಿಂದ ಮಾಡಿದವರು ಕಡಿಮೆ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅಲ್ಲೇ ಮೂಲೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದ. ಕೊನೆಯಲ್ಲಿ ಎರಡೂ ಕೈಯೆತ್ತಿ ಬೇಡಿಕೊಳ್ಳುವಾಗ ಬಲ ಅಂಗೈ ಆಕಾಶ ನೋಡುತ್ತಿತ್ತು, ಎಡ ಅಂಗೈ ಬಲಗೈಯನ್ನು ನೋಡುತ್ತಿತ್ತು. ನಾನು ಬೇರೆ ಕಡೆ ತಿರುಗುತ್ತಿದ್ದೆ.

ಒಂದು ದಿನ ಆತ ಜೇಬಿನಿಂದ ಒಂದು ವಸ್ತು ತೆಗೆದು ಮೇಜಿನ ಮೇಲಿಟ್ಟ. ಕಪ್ಪು ಪ್ಲಾಸ್ಟಿಕ್ಕಿನ, ಗೇಣಿಗಿಂತ ಚಿಕ್ಕದಾದ ಒಂದು ಹಿಡಿ. ಬೆರಳು ಕೂರುವಲ್ಲಿ ತಗ್ಗುಗಳಿದ್ದವು, ಮೇಲ್ತುದಿಯಲ್ಲಿ ಕಚ್ಚಿಕೊಳ್ಳುವ ತಿರುಪು. ಬಂದೂಕಿನ ನಳಿಕೆಯ ಕೆಳಗೆ ನೇರವಾಗಿ ಇಳಿಬಿಟ್ಟಂತೆ ಇದನ್ನು ಕೂರಿಸುತ್ತಾರೆ ಎಂದು ವಿವರಿಸಿದ.

“ನಮ್ಮ ತುಕಡಿಯಲ್ಲಿ ಕೆಲವರು ಇದನ್ನು ಹಾಕಿಸಿಕೊಂಡಿದ್ದರು. ಇದೆಲ್ಲ ಷೋಕಿ ಅಂತ ನಾನು ನಗುತ್ತಿದ್ದೆ” ಎಂದು ಹೇಳಿ ಆ ಹಿಡಿಯನ್ನು ಎಡಗೈಯಲ್ಲಿ ಹಿಡಿದು ತೋರಿಸಿದ.

ನನಗೆ ತಕ್ಷಣ ಹೊಳೆಯಿತು. ಬಂದೂಕನ್ನು ಸಾಮಾನ್ಯವಾಗಿ ಹಿಡಿಯುವವನ ಎಡಗೈ ನಳಿಕೆಯ ಅಡಿಯಲ್ಲಿ ಅಂಗೈ ಮೇಲಾಗಿ ತಟ್ಟೆ ಹೊತ್ತಂತೆ ಇರಬೇಕು. ಈತನಿಗೆ ಸಾಧ್ಯವಿಲ್ಲದ್ದು ಅದೇ. ಆದರೆ ಈ ಹಿಡಿಯಿದ್ದರೆ ಅಂಗೈ ತಿರುಗಿಸುವ ಪ್ರಶ್ನೆಯೇ ಇಲ್ಲ. ಲೋಟ ಹಿಡಿದ ಹಾಗೆ ಹಿಡಿದರಾಯಿತು. ಕೈ ಎಲ್ಲಿ ನಿಂತಿತ್ತೋ ಅದೇ ಸ್ಥಿತಿ ಸಾಕು.

“ಎಲ್ಲಿ ಹಾಕಬೇಕು?” ಎಂದು ಆತ ಕೇಳಿದ. “ಬೇರೆಯವರಿಗಾದರೆ ನಾನೇ ಹೇಳುತ್ತೇನೆ. ಈ ಕೈಗೆ ಎಲ್ಲಿ ಹಾಕಬೇಕು ಅಂತ ನೀವು ಹೇಳಬೇಕು.”

ಕಾಲೇಜಿನ ಎನ್‌ಸಿಸಿ ಕ್ಯಾಂಪಿನಲ್ಲಿ ಒಮ್ಮೆ ಮರಳುಮೂಟೆಯ ಹಿಂದೆ ಬೋರಲು ಮಲಗಿ ಗುಂಡು ಹೊಡೆದದ್ದು ಬಿಟ್ಟರೆ ನನಗೆ ಬಂದೂಕಿನ ಸಂಗತಿ ಗೊತ್ತಿರಲಿಲ್ಲ. ಭುಜ, ಮೊಣಕೈ, ಮಣಿಕಟ್ಟು ಗೊತ್ತಿತ್ತು. ಆಸ್ಪತ್ರೆಯೊಳಗೆ ಬಂದೂಕು ತರುವ ಹಾಗಿಲ್ಲ. ಹಾಗಾಗಿ ನಾನು ನಮ್ಮ ಸ್ಪ್ಲಿಂಟ್ ಕೋಣೆಗೆ ಹೋದೆ.

ಅಲ್ಲಿದ್ದವರು ಭಟ್ಕಳದವರು, ನನಗಿಂತ ಹಿರಿಯರು. ಅವರ ಮನೆಮಾತು ನವಾಯತಿ, ನನ್ನದು ತುಳು. ನಮ್ಮಿಬ್ಬರ ಮಧ್ಯೆ ಕನ್ನಡ. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ. ಕೈಕಾಲಿಗೆ ಕಟ್ಟುವ ಪಟ್ಟಿ, ಅಚ್ಚು ಎಲ್ಲ ಅವರೇ ತಯಾರಿಸುತ್ತಿದ್ದರು.

“ಎಂತ ಮಾರಾಯ್ರೆ, ಬಂದೂಕು ಮಾಡಿ ಕೊಡಬೇಕಾ? ನನ್ನ ಇಕಾಮಾ ಕ್ಯಾನ್ಸಲ್ ಮಾಡಿಸ್ತೀರಿ ನೀವು” ಎಂದರು. ಇಕಾಮಾ ಹೋದರೆ ನಮ್ಮಂಥವರು ಈ ದೇಶದಲ್ಲಿ ಇರುವ ಹಾಗಿಲ್ಲ.

“ಪೈಪಿನದ್ದು ಭಾಯಿ. ತೂಕ ಮಾತ್ರ ಸರಿಯಾಗಿರಬೇಕು.”

ಅವರು ಗೊಣಗಿಕೊಂಡೇ ನೀರಿನ ಪ್ಲಾಸ್ಟಿಕ್ ಪೈಪಿಗೆ ಮರಳು ತುಂಬಿದರು. ಹಿಂದೆ ಭುಜಕ್ಕೆ ಒತ್ತಲು ಒಂದು ಹಲಗೆ, ಬಲಗೈಗೆ ಒಂದು ಹಿಡಿ, ನಡುವೆ ಗುಂಡು ತುಂಬುವ ಡಬ್ಬಿ, ಅಂದರೆ ಮ್ಯಾಗಜೀನ್, ಇರುವ ಜಾಗದಲ್ಲಿ ಒಂದು ಮರದ ತುಂಡು. ಮುಂದೆ, ಆತ ತಂದಿದ್ದ ಕಪ್ಪು ಹಿಡಿಯನ್ನೇ ಸ್ಕ್ರೂ ಕ್ಲಿಪ್ಪಿನಿಂದ ಬಿಗಿದರು. ತಿರುಪು ಸಡಿಲಿಸಿದರೆ ಅದನ್ನು ಪೈಪಿನ ಉದ್ದಕ್ಕೂ ಜರುಗಿಸಬಹುದಿತ್ತು. ಆತ ಅದನ್ನು ಎತ್ತಿ ಭುಜಕ್ಕಿಟ್ಟು, “ಮುಂದೆ ಇನ್ನೂ ಸ್ವಲ್ಪ ಭಾರ ಬೇಕು” ಎಂದ. ಭಾಯಿ ಮುಂದಿನ ತುದಿಗೆ ಇನ್ನಷ್ಟು ಮರಳು ಸುರಿದರು. ಮಾರನೆಯ ದಿನ ಕಿಟಕಿಯಿಂದ ಅದನ್ನು ಕಂಡ ಸೆಕ್ಯೂರಿಟಿಯವನು ಓಡಿ ಬಂದ. ಅಂದಿನಿಂದ ಬಳಸದಿರುವಾಗ ಅದರ ಮೇಲೆ ಟವೆಲ್ ಹೊದೆಸಿಡುತ್ತಿದ್ದೆವು.

ಮೊದಲು ಹಿಡಿಯನ್ನು ಮ್ಯಾಗಜೀನಿಗೆ ಒತ್ತಿಕೊಂಡಂತೆ, ತೀರಾ ಹಿಂದೆ ಇಟ್ಟೆವು. ಮೊಣಕೈ ಪಕ್ಕೆಲುಬಿಗೆ ಆತುಕೊಂಡು ಆರಾಮವಾಗಿ ನಿಂತಿತು. ಬಹಳ ಹೊತ್ತು ಹಿಡಿದರೂ ಭುಜ ದಣಿಯಲಿಲ್ಲ. “ಆದರೆ ಮೂತಿ ನನ್ನ ಮಾತು ಕೇಳುವುದಿಲ್ಲ” ಎಂದ ಆತ. ಪೈಪಿನ ಮುಂದಿನ ತುದಿಯನ್ನು ಕಿಟಕಿಯಿಂದ ಬಾಗಿಲ ಕಡೆಗೆ ಸರಕ್ಕನೆ ತಿರುಗಿಸಿ ನಿಲ್ಲಿಸಲು ಹೋದರೆ ಅದು ಬಾಗಿಲು ದಾಟಿ ಗೋಡೆಯವರೆಗೆ ಹೋಗಿಬಿಡುತ್ತಿತ್ತು. ಹತ್ತಿರ ಹಿಡಿದಷ್ಟೂ ಕೈಗೆ ಸುಖ, ಆದರೆ ದೂರದ ತುದಿಯ ಮೇಲೆ ಹತೋಟಿ ಇಲ್ಲ. ಗುಂಡು ಹಾರಿದಾಗ ಮೂತಿ ಮೇಲಕ್ಕೆ ಎಗರುತ್ತದೆ, ಅದನ್ನು ಒತ್ತಿ ಹಿಡಿಯಲೂ ಆಗುವುದಿಲ್ಲ ಎಂದು ಆತ ಹೇಳಿದ.

ಆಮೇಲೆ ತೀರಾ ಮುಂದಕ್ಕೆ ಸರಿಸಿದೆವು. ತೋಳು ಪೂರ್ತಿ ಚಾಚಿಕೊಂಡಿತು. ಈಗ ಮೂತಿ ಹೇಳಿದಲ್ಲಿ ನಿಲ್ಲುತ್ತಿತ್ತು. ಆತನ ಮುಖ ಅರಳಿತು. ಆದರೆ ಸ್ವಲ್ಪ ಹೊತ್ತಿಗೆಲ್ಲ ಮೊಣಕೈ ಜೋತುಬಿದ್ದು, ಪ್ಲೇಟು ಹಾಕಿದ ಜಾಗದಲ್ಲಿ ನಡುಕ ಶುರುವಾಯಿತು. ಸ್ಪರ್ಶವಿಲ್ಲದ ಎರಡು ಬೆರಳು ಆತನಿಗೆ ತಿಳಿಯದಂತೆ ಬಿಚ್ಚಿಕೊಂಡವು. ಪೈಪು ಜಾರಿ ಮೂತಿ ನೆಲಕ್ಕೆ ಬಡಿಯಿತು.

“ಕೈಯನ್ನು ಹಿಡಿಗೆ ಪಟ್ಟಿ ಹಾಕಿ ಕಟ್ಟಿಬಿಡುವ” ಎಂದರು ಭಾಯಿ. “ಚರ್ಮದ್ದು ಮಾಡಿ ಕೊಡ್ತೇನೆ, ಜಾರ್ಲಿಕ್ಕೇ ಇಲ್ಲ.”

ನಾನದನ್ನು ಆತನಿಗೆ ಹೇಳಿದೆ. ಆತ ಬೇಡವೆಂದ. “ಕೈ ಬಿಡಿಸಿಕೊಳ್ಳಲು ಆಗಬೇಕು ದಕ್ತೂರ್. ಪಕ್ಕದಲ್ಲಿದ್ದವನನ್ನು ಎಳೆಯಬೇಕಾದರೆ ಏನು ಮಾಡಲಿ?”

ತನಗೆ ಪೆಟ್ಟು ಬಿದ್ದದ್ದು ಹೇಗೆಂದು ಆತ ಅವತ್ತು ಹೇಳಿದ. ಗಡಿಯ ಹತ್ತಿರದ ಚೌಕಿಯ ಪಕ್ಕ ಶೆಲ್ ಬಿದ್ದು ಅವರ ಗಾಡಿ ಮಗುಚಿತ್ತು. ಈತ ಹೊರಬಂದು, ಒಳಗಿದ್ದವನನ್ನು ಬಾಗಿಲಿನಿಂದ ಎಡಗೈಯಲ್ಲಿ ಎಳೆಯುತ್ತಿದ್ದಾಗ ಇನ್ನೊಂದು ಬಿತ್ತು. ಗಾಡಿ ಅಲುಗಿ ಬಾಗಿಲ ಚೌಕಟ್ಟು ಮುಂಗೈ ಮೇಲೆ ಕೂತಿತು. “ಅವನು ಹೊರಗೆ ಬಂದನಾ?” ಎಂದು ನಾನು ಕೇಳಿದೆ. “ಬಂದ” ಎಂದ ಆತ. “ಆಸ್ಪತ್ರೆಯಲ್ಲಿ ತೀರಿಕೊಂಡ.” ಆಮೇಲೆ ಪೈಪನ್ನು ಮತ್ತೆ ಎತ್ತಿಕೊಂಡ.

ಪಟ್ಟಿಯ ಮಾತು ಅಲ್ಲಿಗೆ ಬಿಟ್ಟೆವು. ನಾನು ಬೇರೆ ದಾರಿ ಹಿಡಿದೆ. ಹಿಡಿಯನ್ನು ಪೈಪಿನಿಂದ ಬಿಚ್ಚಿ, ಕಣ್ಣು ಮುಚ್ಚಿಕೊಂಡು ಪೈಪನ್ನು ಎತ್ತಿ ಭುಜಕ್ಕಿಡಲು ಹೇಳಿದೆ. ಎಡಗೈ ಯೋಚಿಸದೆ ಎಲ್ಲಿ ಹೋಗಿ ತಾಗುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕೆಳಗಿಳಿಸಿ ಮತ್ತೆ ಎತ್ತಿಸಿದೆ. ಮತ್ತೆ ಗೆರೆ. ಗೆರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ಗುಂಪಾದವು: ಮ್ಯಾಗಜೀನಿಗಿಂತ ಒಂದು ಅಂಗೈಯಗಲ ಮುಂದೆ. ಅಲ್ಲಿ ಹಿಡಿಯನ್ನು ಬಿಗಿದೆವು. ಮೊಣಕೈ ಅರ್ಧ ಮಡಚಿ ಕೆಳಮುಖವಾಗಿ ನಿಂತಿತು, ಮಣಿಕಟ್ಟು ನೇರವಾಯಿತು. ಇಡೀ ಮುಷ್ಟಿಯಿಂದ ಹಿಡಿಯುವ ಬದಲು ಹೆಬ್ಬೆರಳು, ತೋರುಬೆರಳನ್ನು ಮೇಲೆ ಪೈಪಿನ ಪಕ್ಕಕ್ಕೆ ಚಾಚಿ, ನಡುಬೆರಳಿನಿಂದ ಹಿಡಿಯನ್ನು ಹಿಂದಕ್ಕೆ ಎಳೆದುಕೊಳ್ಳುವಂತೆ ಹೇಳಿಕೊಟ್ಟೆ. ಸತ್ತ ಬೆರಳುಗಳ ಮೇಲೆ ಭಾರ ಬೀಳಲಿಲ್ಲ.

ಆತ ಕಿಟಕಿಯಿಂದ ಬಾಗಿಲಿಗೆ ತಿರುಗಿದ. ಮೂತಿ ಬಾಗಿಲ ಚಿಲಕದ ನೇರಕ್ಕೆ ಬಂದು ನಿಂತಿತು.

“ಯಲ್ಲಾ, ನಡಿ!” ಎಂದ. ಮತ್ತೆ ತಿರುಗಿದ. ಮತ್ತೆ ನಿಂತಿತು. ಭಾಯಿ ಕೆಲಸ ಬಿಟ್ಟು ನೋಡುತ್ತಿದ್ದರು. ಆ ವಾರವೆಲ್ಲ ಆತ ನಗುತ್ತ ಬಂದ, ನಗುತ್ತ ಹೋದ. ನನಗೂ ಬಹಳ ದಿನಗಳ ಮೇಲೆ ಕೆಲಸಕ್ಕೆ ಬರುವುದು ಖುಷಿ ಅನಿಸಿತು.

ಆಗಲೇ ಆತನ ತಂದೆ ಬಂದದ್ದು. ಜಿಜಾನಿನ ಮೂಡಲ ಗುಡ್ಡಗಳ ಮೇಲಿನ ಹಳ್ಳಿಯವರು. ತಲೆಯ ಸುತ್ತ ಮಲ್ಲಿಗೆ, ಕಾಮಕಸ್ತೂರಿ ಸೇರಿಸಿ ಕಟ್ಟಿದ ಸಿಂಬಿ, ಸೊಂಟಕ್ಕೆ ಲುಂಗಿಯಂಥದ್ದು, ಸಣಕಲು ಕಾಲು. ನನಗೊಂದು ಬಾಟಲಿ ಜೇನು ತಂದಿದ್ದರು. ಮಗ ಪೈಪು ಹಿಡಿದು ಮಾಡುತ್ತಿದ್ದ ಕಸರತ್ತನ್ನು ಬೆಂಚಿನ ಮೇಲೆ ಕೂತು ನೋಡಿದರು. ಮಗ ಕೈ ತೊಳೆಯಲು ಹೋದಾಗ ನನ್ನ ಹತ್ತಿರ ಬಂದು ತೋಳು ಹಿಡಿದರು.

“ದಕ್ತೂರ್, ನಿಮಗೆ ಮಕ್ಕಳಿದ್ದಾರಾ?”

“ಒಬ್ಬಳು ಮಗಳು. ಊರಿನಲ್ಲಿದ್ದಾಳೆ.”

“ದೇವರು ಅವಳನ್ನು ಕಾಪಾಡಲಿ. ಒಂದು ಮಾತು ಕೇಳುತ್ತೇನೆ, ಬೇಸರ ಮಾಡಬೇಡಿ. ಇವನ ಕೈ ಹೀಗೇ ಇರಲಿ.”

ನನಗೆ ಸರಿಯಾಗಿ ಅರ್ಥವಾಗಲಿಲ್ಲವೇನೋ ಅಂದುಕೊಂಡು ಮತ್ತೆ ಕೇಳಿದೆ. ಅವರು ನಿಧಾನವಾಗಿ, ಪರದೇಶಿಗೆ ತಿಳಿಯುವಂತೆ ಬಿಡಿಸಿ ಹೇಳಿದರು. “ಕೈ ಸರಿಯಾದರೆ ಅಲ್ಲಿಗೇ ಹೋಗುತ್ತಾನೆ. ಇನ್ನೊಂದು ಸಲ ಹೋದರೆ ನನಗೆ ಅವನು ಸಿಗುವುದಿಲ್ಲ. ಈಗ ಕೈ ಮಾತ್ರ ಹೋಗಿದೆ. ಇಷ್ಟಕ್ಕೇ ಬಿಡಿ. ನನಗೆ ಆಡುಗಳಿವೆ, ಕಾಫಿ ಗಿಡಗಳಿವೆ. ಮನೆಯಲ್ಲಿರಲಿ.”

“ನಾನು ಇಲ್ಲವೆಂದರೂ ನಿಮ್ಮ ಮಗ ಬಿಡುವುದಿಲ್ಲ” ಎಂದೆ.

“ಗೊತ್ತು. ಆದರೂ ಕೇಳಿದೆ” ಎಂದು ತೋಳು ಬಿಟ್ಟರು. ಮಗ ಒಳಗೆ ಬಂದಾಗ ಅವರು ಪೈಪಿನ ಮೇಲೆ ಕೈಯಾಡಿಸುತ್ತ, ಇದಕ್ಕೆ ಎಷ್ಟು ಮರಳು ಹಿಡಿಯಿತು ಎಂದು ಕೇಳುತ್ತಿದ್ದರು.

ಆ ಸಂಜೆ ಊಟಕ್ಕೆ ಕೂತಾಗ ಇದನ್ನು ಭಾಯಿಗೆ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “ಅಪ್ಪ ಹೇಳಿದ್ದೂ ಸರಿ, ಮಗ ಕೇಳಿದ್ದೂ ಸರಿ. ನೀವು ಎಂತ ಮಾಡ್ತೀರಿ? ನಿಮ್ಮ ಕೆಲಸ ನೀವು ಮಾಡಿ” ಎಂದರು. ನಾನು ಅದನ್ನೇ ಮಾಡಿದೆ.

ಕೆಲವು ವಾರಗಳ ಮೇಲೆ ಆತನನ್ನು ತುಕಡಿಯವರು ಗುಂಡು ಹೊಡೆಯುವ ಮೈದಾನಕ್ಕೆ ಪರೀಕ್ಷೆಗೆ ಕರೆದರು. ಹೋಗುವ ಮೊದಲು ಬಂದು ಕಪ್ಪು ಹಿಡಿಯನ್ನು ಪೈಪಿನಿಂದ ಬಿಚ್ಚಿಕೊಂಡ. ಮ್ಯಾಗಜೀನಿನಿಂದ ಅದಕ್ಕಿದ್ದ ಅಂತರವನ್ನು ಬಲಗೈಯ ಬೆರಳುಗಳಿಂದ ಅಳೆದು ನೆನಪಿಟ್ಟುಕೊಂಡ. ನನ್ನ ಹಣೆಗೆ ಮುತ್ತಿಟ್ಟು ಹೋದ. ಇಲ್ಲಿ ಗಂಡಸರು ಗೌರವಕ್ಕೆ ಹಾಗೆ ಮಾಡುತ್ತಾರೆ. ಆದರೂ ನನಗೆ ಸಂಕೋಚವಾಯಿತು.

ಆತ ಮರಳಿ ಬಂದ ದಿನ ನಮ್ಮ ಕೋಣೆಯಲ್ಲಿ ಬೇರೆ ರೋಗಿಗಳಿದ್ದರು. ಎಲ್ಲರೂ ಹೋಗುವವರೆಗೆ ಬೆಂಚಿನಲ್ಲೇ ಕೂತಿದ್ದ.

“ಹಿಡಿ ಸರಿಯಾದ ಜಾಗದಲ್ಲೇ ಇತ್ತು” ಎಂದು ಆತನೇ ಶುರುಮಾಡಿದ. “ನಿಂತು ಹೊಡೆದದ್ದು ಎಲ್ಲ ಸರಿಯಾಯಿತು. ಗುರಿಗೆ ಬಿತ್ತು. ಮೇಜರ್ ಬೆನ್ನು ತಟ್ಟಿದರು.”

“ಆಮೇಲೆ?”

“ಆಮೇಲೆ ಮ್ಯಾಗಜೀನ್ ಬದಲಾಯಿಸಲು ಹೇಳಿದರು.”

ಹೊಸ ಮ್ಯಾಗಜೀನನ್ನು ಸೊಂಟದ ಚೀಲದಿಂದ ಎಡಗೈಯಲ್ಲಿ ಎಳೆದುಕೊಳ್ಳಬೇಕು. ಎಳೆಯುವಾಗ ಅಂಗೈ ಒಂದು ಕಡೆ, ಬಂದೂಕಿಗೆ ಕೂರಿಸುವಾಗ ಇನ್ನೊಂದು ಕಡೆ ತಿರುಗಬೇಕು. ನಾವು ಹಿಡಿಯನ್ನು ಅತ್ತ ಇತ್ತ ಜರುಗಿಸಿ ಅದರ ಜಾಗ ಹುಡುಕಿದ್ದೆವು. ಆ ಹಿಡಿಯನ್ನು ಬಿಟ್ಟ ಮೇಲೆ ಕೈ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ಪೈಪಿನಲ್ಲಿ ಉತ್ತರವಿರಲಿಲ್ಲ. ಅದರ ಮ್ಯಾಗಜೀನ್ ಮೊಳೆ ಹೊಡೆದು ಕೂರಿಸಿದ ಮರದ ತುಂಡು.

“ಬೆರಳಿಗೆ ತಾಗಿದ್ದು ಗೊತ್ತಾಗಲಿಲ್ಲ. ಹಿಡಿದಿದ್ದೇನೆ ಅಂದುಕೊಂಡೆ. ಕೆಳಗೆ ಬಿತ್ತು. ಎತ್ತಿಕೊಂಡು ಮತ್ತೆ ಪ್ರಯತ್ನಿಸಿದೆ, ಮತ್ತೆ ಬಿತ್ತು. ನಾನು ತರಬೇತಿ ಕೊಟ್ಟ ಹುಡುಗರು ಪಕ್ಕದಲ್ಲಿ ಸಾಲಾಗಿ ನಿಂತಿದ್ದರು. ಎಲ್ಲರೂ ಬೇರೆ ಕಡೆ ನೋಡಿದರು. ನಕ್ಕಿದ್ದರೆ ಬೈಯುತ್ತಿದ್ದೆ.”

ಮಲಗಿ ಹೊಡೆಯಲು ಹೇಳಿದಾಗ ಇನ್ನೊಂದು ತೊಂದರೆಯಾಯಿತು. ಕೆಳಗೆ ಇಳಿಬಿದ್ದ ಹಿಡಿ ನೆಲಕ್ಕೆ ತಾಗಿತು. ಬಂದೂಕನ್ನು ಎತ್ತರಿಸಿದರೆ ತಲೆಯೂ ಮೇಲೇಳುತ್ತದೆ. ತಲೆ ಮೇಲೆದ್ದವನು ಗಡಿಯಲ್ಲಿ ಉಳಿಯುವುದಿಲ್ಲ. ಹಿಡಿಯಿಲ್ಲದೆ ಹಿಡಿಯಲು ಈತನಿಗೆ ಬರುವುದಿಲ್ಲ. ಮೇಜರ್ ಒಳ್ಳೆಯವರು, ಹತ್ತಿರ ಬಂದು ತಗ್ಗಿದ ದನಿಯಲ್ಲಿ ಸಾಕು ಎಂದರಂತೆ.

“ಮೇಜರ್ ಎದುರಿಗೇ ಬೂಟಿನ ಧೂಳು ಕೊಡವಿಕೊಂಡೆ” ಎಂದ ಆತ. “ಬೇರೇನು ಮಾಡಬೇಕು ಅಂತ ತಿಳಿಯಲಿಲ್ಲ.”

ವೈದ್ಯಕೀಯ ಮಂಡಳಿ ಆತನನ್ನು ಸೇವೆಯಿಂದ ಬಿಡಿಸಿತು. ಗೌರವದಿಂದಲೇ ಬಿಡಿಸಿತು. ಆದರೂ ಆತ ನನ್ನ ಹತ್ತಿರ ಬರುವುದನ್ನು ನಿಲ್ಲಿಸಲಿಲ್ಲ. ಬಂದು ಟವೆಲ್ ಸರಿಸಿ, ಕಪ್ಪು ಹಿಡಿಯನ್ನು ಮತ್ತೆ ಪೈಪಿಗೆ ಹಾಕಿಸಿಕೊಂಡು ಎತ್ತಿಕೊಳ್ಳುತ್ತಿದ್ದ. “ದಕ್ತೂರ್, ಇದನ್ನು ಒಂದು ಬೆರಳಿನಷ್ಟು ಹಿಂದೆ ತಂದರೆ? ಮಲಗುವಾಗ ನೆಲಕ್ಕೆ ತಾಗಲಿಕ್ಕಿಲ್ಲ” ಎನ್ನುವನು. ತರುತ್ತಿದ್ದೆ. ನೆಲದ ಮೇಲೆ ಚಾಪೆ ಹಾಸಿ ಮಲಗಿ ನೋಡುತ್ತಿದ್ದ. ತಾಗುತ್ತಿತ್ತು. “ಸ್ವಲ್ಪ ಓರೆ ಮಾಡಿದರೆ?” ಓರೆ ಮಾಡಿದರೆ ಮಣಿಕಟ್ಟು ಒಪ್ಪುತ್ತಿರಲಿಲ್ಲ. ಭಾಯಿ ಹಿಡಿಯನ್ನು ಕೊಯ್ದು ಗಿಡ್ಡ ಮಾಡಿಕೊಟ್ಟರು. ಗಿಡ್ಡ ಹಿಡಿಯಲ್ಲಿ ನಡುಬೆರಳಿಗೆ ಜಾಗ ಸಾಲಲಿಲ್ಲ. ಮುಂದೆ, ಹಿಂದೆ, ಮತ್ತೆ ಮುಂದೆ. ಪೈಪಿನ ಮೇಲೆ ಸೀಮೆಸುಣ್ಣದ ಗೆರೆಗಳು ಒಂದರ ಮೇಲೊಂದು ಬಿದ್ದು ಯಾವುದು ಯಾವಾಗ ಹಾಕಿದ್ದು ಎಂದು ತಿಳಿಯದಂತಾಯಿತು.

ಒಂದು ದಿನ ನಾನು ತಿರುಪನ್ನು ಬಿಗಿಯದೆ ಕೆಳಗಿಟ್ಟು ಆತನ ಪಕ್ಕ ಕೂತೆ.

“ಇನ್ನು ಇದನ್ನು ಎಲ್ಲಿ ಇಟ್ಟರೂ ಪ್ರಯೋಜನವಿಲ್ಲ” ಎಂದೆ.

“ಗೊತ್ತು” ಎಂದ.

“ಬೇರೆ ಕೆಲಸಕ್ಕೆ ಕೈಯನ್ನು ತಯಾರು ಮಾಡುವ. ಗಾಡಿ ಓಡಿಸುವುದು, ತೋಟದ ಕೆಲಸ...”

“ಗೊತ್ತು ದಕ್ತೂರ್. ಇವತ್ತೊಂದು ದಿನ ಬಿಗಿದು ಕೊಡಿ.”

ನಾನು ಬಿಗಿದು ಕೊಟ್ಟೆ. ಆತ ಭುಜಕ್ಕಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಬಹಳ ಹೊತ್ತು ಹಾಗೇ ನಿಂತ. ಆಮೇಲೆ ಕೆಳಗಿಟ್ಟು, ಟವೆಲನ್ನು ಅಚ್ಚುಕಟ್ಟಾಗಿ ಹೊದೆಸಿ, ಸಲಾಂ ಹೇಳಿ ಹೋದ. ಮತ್ತೆ ಬರಲಿಲ್ಲ.

ಆ ನಂತರ ನನ್ನಲ್ಲೂ ಏನೋ ಕುಸಿಯಿತು. ಕೆಲಸ ಬಿಡಲಿಲ್ಲ, ಬಿಡುವ ಸ್ಥಿತಿಯಲ್ಲಿ ಇರಲಿಲ್ಲ. ಆದರೆ ರೋಗಿಗಳಿಗೆ ‘ಇನ್ನೊಂದು ಸಲ, ಇನ್ನೊಂದು ಸಲ’ ಎಂದು ಹೇಳುವಾಗ ನನ್ನ ದನಿ ನನಗೇ ಬೇರೆಯಾಗಿ ಕೇಳುತ್ತಿತ್ತು. ಹೆಂಡತಿ ಫೋನಿನಲ್ಲಿ, “ಎಂತ ಆಯ್ತು ನಿಮಗೆ, ಮಾತೇ ಇಲ್ಲ” ಎಂದು ಕೇಳಿದಳು. ಸೆಕೆ ಎಂದೆ.

ಮಳೆಗಾಲ ಮುಗಿದ ಮೇಲೆ ಆತನ ತಂದೆ ಒಬ್ಬರೇ ಬಂದರು. ಗುಡ್ಡ ಇಳಿದು ಅಷ್ಟು ದೂರ ಯಾರದೋ ಪಿಕಪ್ಪಿನಲ್ಲಿ ಕೂತು ಬಂದಿದ್ದರು. ಅವತ್ತು ತಲೆಯಲ್ಲಿ ಹೂವಿರಲಿಲ್ಲ. ನೀರು ಕೊಟ್ಟೆ. ಕುಡಿಯಲಿಲ್ಲ.

“ನಾನು ಕೇಳಿದ್ದೇ ಆಯಿತು. ಮಗ ಮನೆಯಲ್ಲಿದ್ದಾನೆ” ಎಂದರು. “ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಾನೆ. ಆಡುಗಳ ಹತ್ತಿರ ಹೋಗುವುದಿಲ್ಲ. ಶುಕ್ರವಾರ ಮಸೀದಿಗೂ ಬರುವುದಿಲ್ಲ. ಅವನ ಹೆಂಡತಿ ಮಗುವನ್ನು ಕರೆದುಕೊಂಡು ತವರಿಗೆ ಹೋಗಿದ್ದಾಳೆ. ಅವಳದ್ದೇನೂ ತಪ್ಪಿಲ್ಲ. ಮಾತೇ ಆಡದವನ ಜೊತೆ ಎಷ್ಟು ದಿನ ಇರುತ್ತಾಳೆ?” ನನ್ನ ಎರಡೂ ಕೈ ಹಿಡಿದುಕೊಂಡರು. “ಅವನನ್ನು ಕರೆಸಿ ದಕ್ತೂರ್. ಆ ಪೈಪು ಕೊಡಿ. ಕೈ ಸರಿಯಾಗುತ್ತದೆ ಅಂತ ಹೇಳಿ.”

“ಸುಳ್ಳು ಹೇಳಲಾ?”

“ಹೇಳಿ” ಎಂದರು ಅವರು. “ಪಾಪ ನನಗಿರಲಿ.”

ನಾನು ಅವರ ಎದುರೇ ಫೋನ್ ಮಾಡಿದೆ. ಆತ ಎತ್ತಿದ. ಬರಬೇಕು, ನೋಡದೆ ಬಹಳ ದಿನವಾಯಿತು, ಕೈಯ ಶಕ್ತಿ ಕಡಿಮೆಯಾಗದಂತೆ ನೋಡಿಕೊಳ್ಳಬೇಕು ಎಂದೆ. ಕೈ ಸರಿಯಾಗುತ್ತದೆ ಎನ್ನಲು ಬಾಯಿ ಬರಲಿಲ್ಲ. ತಂದೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆ ಕಡೆಯಿಂದ ಆತ, “ಬಂದು ಏನು ಮಾಡಲಿ ದಕ್ತೂರ್? ನಮ್ಮ ತಂದೆಗೆ ಬೇಗ ಹೊರಡಲು ಹೇಳಿ, ಮಂಜು ಬಿದ್ದರೆ ಮೇಲಿನ ದಾರಿ ಕಾಣುವುದಿಲ್ಲ” ಎಂದು ಹೇಳಿ ಇಟ್ಟುಬಿಟ್ಟ.

ಒಂದು ಶುಕ್ರವಾರ ಭಾಯಿ ಮತ್ತು ನಾನು ಆತನ ಹಳ್ಳಿಗೆ ಹೋದೆವು. ರಸ್ತೆ ಗುಡ್ಡದ ಸುತ್ತ ಸುತ್ತಿ ಹತ್ತುತ್ತದೆ. ಕೆಳಗಿನ ಸೆಕೆ ಬಿಟ್ಟು ಮೇಲೆ ತಂಪು. ಆತ ನಮ್ಮನ್ನು ಬಾಗಿಲಲ್ಲೇ ಎದುರುಗೊಂಡ. ಗಡ್ಡ ಬೆಳೆದಿತ್ತು. ಬಲಗೈಯಿಂದ ಕಹ್ವಾ ಎನ್ನುವ ಅರಬ್ಬಿ ಕಾಫಿ ಬಗ್ಗಿಸಿ ಕೊಟ್ಟ, ಖರ್ಜೂರದ ತಟ್ಟೆಯನ್ನು ಮುಂದೆ ತಳ್ಳಿದ. ಎಡಗೈ ಬಟ್ಟೆಯ ತೋಳಿನೊಳಗೆ ಇತ್ತು. ಊರಿನ ಸಮಾಚಾರ ಕೇಳಿದ, ನನ್ನ ಮಗಳ ಓದು ಕೇಳಿದ. ನಾನು ಮೆಲ್ಲನೆ ಆ ತೋಳನ್ನು ಸರಿಸಿ ಕೈ ನೋಡಿದೆ. ಮಾಂಸ ಇಳಿದಿತ್ತು. ಎರಡು ಬೆರಳು ಒಳಕ್ಕೆ ಮಡಚಿಕೊಂಡಿದ್ದವು. ಬಿಡಿಸಲು ಹೋದರೆ ಬಿಚ್ಚಲಿಲ್ಲ. ನಾವು ಗಳಿಸಿದ್ದೆಲ್ಲ ಹೋಗಿತ್ತು.

“ದಿನಾ ಸ್ವಲ್ಪ ಬಿಸಿನೀರಿನಲ್ಲಿ ಇಟ್ಟು ಬಿಡಿಸಿ” ಎಂದೆ.

“ಆಯಿತು” ಎಂದ. ಮಾಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಭಾಯಿ ತಮ್ಮ ಹರಕು ಅರಬ್ಬಿಯಲ್ಲಿ ಏನೇನೋ ತಮಾಷೆ ಮಾಡಿ ನಗಿಸಲು ನೋಡಿದರು. ಆತ ಮರ್ಯಾದೆಗೆ ನಕ್ಕ. ಹೊರಡುವಾಗ ತಂದೆ ಗಾಡಿಯವರೆಗೆ ಬಂದರು, ಮಗ ಬರಲಿಲ್ಲ. ಇಳಿಜಾರಿನಲ್ಲಿ ಭಾಯಿ ಗೇರು ಇಳಿಸಿ ತಿರುವುಗಳನ್ನು ದಾಟಿಸಿದರು. ಆಮೇಲೆ, “ನಾವು ಆ ಹಿಡಿಯ ಕೆಲಸಕ್ಕೆ ಕೈ ಹಾಕದಿದ್ದರೆ ಒಳ್ಳೇದಿತ್ತಾ ಮಾರಾಯ್ರೆ?” ಎಂದು ಕೇಳಿದರು. ಕೈ ಹಾಕದಿದ್ದರೂ ಆತ ಅದೇ ಕೋಣೆಯಲ್ಲಿ ಅದೇ ರೀತಿ ಕೂತಿರುತ್ತಿದ್ದ ಎಂದು ಈಗಲೂ ಅನಿಸುತ್ತದೆ. ಕೆಲವು ವಾರ ಮೊದಲೇ, ಅಷ್ಟೆ.

ಮರುವರ್ಷ ಆತ ರಿಯಾದ್ ಆಚೆ ಅಲ್ ಖರ್ಜಿನಲ್ಲಿ ಹಾಲಿನ ಡೇರಿಯೊಂದರ ಗೇಟಿನಲ್ಲಿ ಕೆಲಸಕ್ಕೆ ಸೇರಿದ ಎಂದು ತಂದೆ ಫೋನಿನಲ್ಲಿ ಹೇಳಿದರು. ಲಾರಿ ಬಂದಾಗ ಗುಂಡಿ ಒತ್ತಿದರೆ ಅಡ್ಡಗಂಬ ಮೇಲೇಳುತ್ತದಂತೆ, ಒಂದು ಕೈ ಸಾಕಂತೆ. ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಜೀವ ಬಂದಿತ್ತು. ಈದ್ ಹಬ್ಬದ ಹೊತ್ತಿಗೆ ಮತ್ತೆ ಮಾತಾಡಿದಾಗ, ಆತ ಅಲ್ಲಿಂದಲೂ ಹೇಳದೆ ಹೊರಟುಹೋಗಿದ್ದಾನೆ, ಈಗ ಎಲ್ಲಿದ್ದಾನೋ ತಿಳಿಯದು ಎಂದರು. ನನಗೇನಾದರೂ ಫೋನ್ ಮಾಡಿದನಾ ಎಂದು ಕೇಳಿದರು. ಇಲ್ಲ ಎಂದೆ.

ಚಳಿಗಾಲದಲ್ಲಿ ಅವರ ಫೋನೂ ನಿಂತಿತು. ಮಗನ ಹಳೆಯ ನಂಬರಿಗೆ ಕಳೆದ ತಿಂಗಳು ಮಧ್ಯಾಹ್ನದ ಬಿಡುವಿನಲ್ಲಿ ಒಮ್ಮೆ ಫೋನ್ ಮಾಡಿ ನೋಡಿದೆ. ಯಾರೋ ಎತ್ತಿದರು. ಹಿಂದೆ ಅಂಗಡಿಯ ಗದ್ದಲ, ಉರ್ದು ಮಾತು. ಇದು ಹೊಸದಾಗಿ ತೆಗೆದ ನಂಬರು, ಇದರ ಹಿಂದಿನವರು ಯಾರೆಂದು ತನಗೆ ಗೊತ್ತಿಲ್ಲ ಎಂದು ಆ ಮನುಷ್ಯ ಸೌಮ್ಯವಾಗಿಯೇ ಹೇಳಿದ. ನಾನು ಕ್ಷಮೆ ಕೇಳಿ ಇಟ್ಟೆ. ಬೆಂಚಿನಲ್ಲಿ ಮುಂದಿನ ರೋಗಿ ಕಾಯುತ್ತಿದ್ದ, ಮೊಣಕಾಲು ನೋವಿನವನು. ಅವನನ್ನು ಒಳಗೆ ಕರೆದೆ.